ಬಫರಿನಲ್ಲಿ ಉಳಿದ ಬಾಲ

ಆಯುಧಪೂಜೆಯ ಮಧ್ಯಾಹ್ನ ತಿರುಮಣಿ ಠಾಣೆಯ ಬಂದೂಕುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಮೇಜಿನ ಮೇಲೆ ಸಾಲಾಗಿ ಮಲಗಿದ್ದವು. ಮರುದಿನದ ಪೂಜೆಯವರೆಗೆ ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ತಾಲ್ಲೂಕಿನ ಕಳ್ಳರಿಗೆ ಈ ಪದ್ಧತಿ ಗೊತ್ತಿಲ್ಲದ್ದು ಠಾಣೆಯ ಪುಣ್ಯ. ಸಿಬ್ಬಂದಿ ಪುರಿ ಕಡಲೆ ಹಂಚಿಕೊಳ್ಳುತ್ತಿದ್ದಾಗ ಹತ್ತಿರದ ಖಾಸಗಿ ಸೌರ ಘಟಕದ ವ್ಯವಸ್ಥಾಪಕ ಹಾಲೇಶ್ ದೂರು ಹಿಡಿದು ಬಂದರು.

ಬೆಳಿಗ್ಗೆ ಎಂಟೂವರೆಗೆ ಘಟಕದ ಒಂದು ಇಡೀ ಭಾಗವನ್ನು ಯಾರೋ ಬೇಕೆಂದೇ ನಿಲ್ಲಿಸಿದ್ದರು. ಆಜ್ಞೆ ಹೋಗಿದ್ದು ಎಂಜಿನಿಯರ್ ಅನುಪಮಾಳ ಪಾಸ್‌ವರ್ಡಿನಿಂದ.

“ಅವಳದೇ ಕೆಲಸ ಮೇಡಂ. ಯಾರ ಪಾಸ್‌ವರ್ಡು ಅಂತ ನೋಡಿ ಆಜ್ಞೆ ಬಿಡೋ ಸೆಕ್ಯುರಿಟಿ ಚಿಪ್ಪು ಸುಳ್ಳು ಹೇಳಲ್ಲ,” ಎಂದರು ಹಾಲೇಶ್.

ಇನ್ಸ್‌ಪೆಕ್ಟರ್ ಚೈತ್ರಾರ ಕಿವಿ ನೆಟ್ಟಗಾಯಿತು. ಸುಳ್ಳೇ ಹೇಳದ ಸಾಕ್ಷಿಯನ್ನು ಅವರು ತಮ್ಮ ನೌಕರಿಯಲ್ಲಿ ಈವರೆಗೆ ಕಂಡಿರಲಿಲ್ಲ. ಎಫ್‌ಐಆರ್ ದಾಖಲಿಸಿ ಹೆಡ್ ಕಾನ್‌ಸ್ಟೆಬಲ್ ಪೆದ್ದಣ್ಣನೊಂದಿಗೆ ಜೀಪು ಹತ್ತಿದರು. ಸಂಜೆಯೊಳಗೆ ಹುಡುಗಿಯನ್ನು ಬಂಧಿಸಿ ಎಂದು ಮೇಲಿನಿಂದ ಫೋನೂ ಬಂದಾಗಿತ್ತು.

ಘಟಕದ ನಿಯಂತ್ರಣ ಕೊಠಡಿಯಲ್ಲೂ ಹಬ್ಬ ನಡೆದಿತ್ತು. ಮುಖ್ಯ ಕಂಪ್ಯೂಟರಿಗೆ ಚೆಂಡುಹೂವಿನ ಹಾರ, ಸ್ವಿಚ್ಚಿನ ಮೇಲೆ ವಿಭೂತಿ, ಕುಂಕುಮ. ಪೂಜೆ ಮಾಡಿದವರು ಹಿರಿಯ ಎಂಜಿನಿಯರ್ ಪ್ರಭುದೇವ್. ಚಿಪ್ಪಿನೊಡನೆ ಮಾತಾಡುವ ಡ್ರೈವರ್ ತಂತ್ರಾಂಶ ಬರೆದವರೂ ಅವರೇ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು.

ಅನುಪಮಾ ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದಳು.

“ಎಂಟೂವರೆಗೆ ಎಲ್ಲಿದ್ದೆಯಮ್ಮ?”

“ಹಿಂದ್ಗಡೆ ಹೂ ಕಟ್ತಿದ್ದೆ ಮೇಡಂ. ಒಬ್ಳೇ.”

“ಪಾಸ್‌ವರ್ಡ್ ಯಾರಿಗ್ ಹೇಳಿದ್ದೆ?”

“ನಮ್ಮಮ್ಮಂಗೂ ಹೇಳಿಲ್ಲ. ಆದ್ರೆ ಅದು ಬಫರಲ್ಲಿ ಉಳ್ಕಂಡಿರುತ್ತೆ. ನಾಳಿದ್ದು ಕಂಪ್ನಿಯವ್ರಿಗೆ ಅದನ್ನೇ ತೋರಿಸ್ಬೇಕು ಅಂತಿದ್ದೆ.”

“ಬಫರಂದ್ರೆ?”

“ಚಿಪ್ಪಿಗೆ ಕೊಡೋ ಆಜ್ಞೆನ ಡ್ರೈವರು ಮೊದ್ಲು ಒಂದ್ ಜಾಗದಲ್ಲಿ ಇಡುತ್ತೆ. ಕೆಲ್ಸ ಆದ್ಮೇಲೆ ಆ ಜಾಗ ಒರೆಸ್ಬೇಕು. ಇಲ್ಲಿ ಒರೆಸಲ್ಲ. ಉದ್ದದ ಆಜ್ಞೆ ಆದ್ಮೇಲೆ ಚಿಕ್ಕದು ಬಂದ್ರೆ, ಹಳೇದರ ಬಾಲ ಅಂಗೇ ಉಳಿಯುತ್ತೆ.”

“ತೊಳೀದಿರೋ ಮಿಕ್ಸಿ ಜಾರು ಕದಮ್ಮಾ,” ಎಂದ ಪೆದ್ದಣ್ಣ. “ಖಾರ ರುಬ್ಬಿ, ಅದ್ರಾಗೇ ಕಾಯಿ ರುಬ್ಬಿದಂಗೆ.”

“ಅಂಗೇ ಕಣಣ್ಣ.”

ಚೈತ್ರಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಅಂಗಾದ್ರೆ ನಿನ್ನ ಪಾಸ್‌ವರ್ಡ್ ಕದ್ದವನ ಬಾಲನೂ ಅಲ್ಲೇ ಇರ್ಬೇಕಲ್ಲ?”

ಅನುಪಮಾ ಎದ್ದೇ ನಿಂತಳು. “ಇರುತ್ತೆ ಮೇಡಂ. ಯಾವ ಕಂಪ್ಯೂಟರಿಂದ ಆಜ್ಞೆ ಬಂತು ಅನ್ನೋ ಹೆಸ್ರು ಕೊನೇಲೇ ಇರೋದು. ಆಮೇಲೆ ಹೋಗಿರೋವೆಲ್ಲ ಚಿಕ್ಕ ಆಜ್ಞೆಗಳೇ. ಆದ್ರೆ ಮಿಷನ್ ಆರ್ಸಿದ್ರೆ ಎಲ್ಲ ಹೋಗ್ಬುಡುತ್ತೆ.”

ತಕ್ಷಣ ಪೆದ್ದಣ್ಣ ಬಾಗಿಲಿಗೆ ಕಾವಲು ನಿಂತ. ವಿಧಿವಿಜ್ಞಾನ ತಜ್ಞೆ ಪ್ರಿಯಾಂಕ ತುಮಕೂರಿನಿಂದ ಹೊರಟರು. ಕೊರಟಗೆರೆ ದಾಟಿದೆ ಎಂದು ಒಂದು ಫೋನು, ಮಧುಗಿರಿ ಪೇಟೆಯ ಕುಂಬಳಕಾಯಿ ರಾಶಿಗಳ ನಡುವೆ ಸಿಕ್ಕಿಬಿದ್ದಿದ್ದೇನೆ ಎಂದು ಇನ್ನೊಂದು. ಚೈತ್ರಾರಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಕರೆಂಟು ಹೋದರೆ ಹುಡುಗಿಯ ಬಾಳೇ ಹೋದಂತೆ. ಕಾಯುವ ಹೊತ್ತಿನಲ್ಲಿ ಪ್ರಭುದೇವರನ್ನು ವಿಚಾರಿಸಿದರು.

“ಬಫರಲ್ಲಿ ಏನಾದ್ರೂ ಉಳಿಯುತ್ತಾ?”

“ಏನೂ ಉಳಿಯಲ್ಲ. ಬರೆದಿರೋನು ನಾನು.”

“ಅನುಪಮಾ ಉಳಿಯುತ್ತೆ ಅಂತಾಳೆ.”

“ಮೊನ್ನೆ ಬಂದ ಹುಡುಗಿ ಅವಳು.”

ಐದು ಗಂಟೆಗೆ ಪ್ರಿಯಾಂಕ ಬಂದರು. ಪಂಚರನ್ನು ಕರೆಸಿ ಪಂಚನಾಮೆ ಶುರುವಾಯಿತು. ಪ್ರಿಯಾಂಕ ತಮ್ಮ ಕೇಬಲಿನ ಸುರುಳಿ ಬಿಚ್ಚುತ್ತಾ, “ಮೆಮೊರಿಯಲ್ಲಿ ಇರೋದನ್ನೆಲ್ಲ ಪ್ರತಿ ಮಾಡ್ಕೋತೀನಿ,” ಎಂದರು.

ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರಭುದೇವ್ ಮುಂದಕ್ಕೆ ನುಗ್ಗಿ ಸ್ವಿಚ್ಚಿನತ್ತ ಕೈ ಚಾಚಿದರು. ಪೆದ್ದಣ್ಣ ಬಾಗಿಲ ಬಳಿಯಿದ್ದ, ಹಾರಿದರೂ ಕೈಗೆಟುಕುತ್ತಿರಲಿಲ್ಲ. ಆದರೆ ಆ ಕೈ ಕುಂಕುಮದ ಹತ್ತಿರ ಬಂದು ನಿಂತುಬಿಟ್ಟಿತು, ಹಿಂದೆ ಸರಿಯಿತು.

“ಯಾಕ್ ನಿಲ್ಸಿದ್ರಿ?” ಚೈತ್ರಾ ಮೆಲ್ಲಗೆ ಕೇಳಿದರು.

“ದೀಪ ಹಚ್ಚಿದೀನಿ ಮೇಡಂ. ಮರುಪೂಜೆವರೆಗೂ ಮುಟ್ಟಬಾರ್ದು.”

ಪ್ರತಿ ಸಿಕ್ಕಿತು. ಅನುಪಮಾಳ ಪಾಸ್‌ವರ್ಡ್ ಹೊತ್ತ ಆಜ್ಞೆಯ ಬಾಲದಲ್ಲಿ ಪ್ರಭುದೇವರ ಕೊಠಡಿಯ ಕಂಪ್ಯೂಟರಿನ ಹೆಸರಿತ್ತು. ಪಂಚರು ಸಹಿ ಹಾಕಿದರು. ಆರು ಗಂಟೆಗೆ ಬಂಧನವಾಯಿತು. ಚೈತ್ರಾರಿಗೆ ಕುಣಿಯುವಷ್ಟು ಖುಷಿಯಾಗಿತ್ತು, ಆದರೆ ಎದುರಿಗೆ ಕುಳಿತ ಪ್ರಭುದೇವರ ಮುಖ ನೋಡಿ ಹೇಳಿಕೆ ಬರೆಯಲು ಪೆನ್ನು ತೆಗೆದರು.

ಪ್ರಭುದೇವ್ ಏನನ್ನೂ ಮುಚ್ಚಿಡಲಿಲ್ಲ. “ನನ್ನ ಗುರುತು ಅಳಿಸೋಕೆ ಬೆಳಿಗ್ಗೆನೇ ಮಿಷನ್ ಆರ್ಸೋಣ ಅಂತ ಬಂದೆ. ಅಷ್ಟೊತ್ತಿಗೆ ಹುಡುಗ್ರು ಹಾರ ಹಾಕಿ, ‘ಪೂಜೆ ಮಾಡಿ ಮೇಷ್ಟ್ರೇ’ ಅಂತ ಕಾಯ್ತಿದ್ರು.”

“ಆ ಹುಡುಗಿ ನಿಮಗೇನ್ ಮಾಡಿದ್ಲು?”

“ಏನೂ ಮಾಡಿಲ್ಲ. ಬಫರಿನ ತಪ್ಪು ಕಂಪ್ನಿಯವ್ರಿಗೆ ತೋರಿಸ್ತೀನಿ ಅಂದ್ಲು, ಅದೇ ಬಫರಿಂದ ಅವಳ ಪಾಸ್‌ವರ್ಡ್ ತೆಗೆದೆ. ಅವಳ ಹೆಸ್ರು ಕೆಟ್ರೆ ಅವಳ ಮಾತು ಯಾರೂ ನಂಬಲ್ಲ ಅನ್ಕೊಂಡೆ. ಬಫರ್ ಒರೆಸೋಕೆ ಒಂದೇ ಸಾಲು ಸಾಕು ಮೇಡಂ. ಆ ಸಾಲು ಬರೆದ್ರೆ, ಇಷ್ಟು ವರ್ಷ ಬರೆದಿರಲಿಲ್ಲ ಅಂತ ಒಪ್ಕೊಂಡಂಗೆ ಆಗ್ತಿತ್ತು.”

ಜೀಪು ಹತ್ತುವ ಮುಂಚೆ ಅವರು ತಿರುಗಿ ನೋಡಿದರು. ಅನುಪಮಾ ಬಾಗಿಲಲ್ಲಿ ನಿಂತಿದ್ದಳು.

“ನಾಳೆ ಹೂವು ತೆಗೆದ್ಮೇಲೆ ಆರ್ಸಮ್ಮ. ಆಮೇಲೆ ಆ ಸಾಲು ನೀನೇ ಬರಿ.”

ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಆಯ್ತು ಮೇಷ್ಟ್ರೇ,” ಎಂದಳು.