ಹಸಿರಾಗಿ ಹೊಳೆದ ಚೂರು

"ನೀವಾ...? ಬೇರೆ ಡಾಕ್ಟ್ರು ಯಾರೂ ಇಲ್ವಾ?"

ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟ ಆತ. ಸ್ಕ್ಯಾನ್ ನೋಡುತ್ತಿದ್ದ ಸರ್ಜನ್ ತಲೆಯೆತ್ತಿದಳು. ನಿಶ್ಚಿತಾರ್ಥವಾದ ಮೇಲೆ 'ಈ ಮದುವೆ ಬೇಡ' ಎಂದು ಫೋನಿನಲ್ಲಿ ಒಂದೇ ಮಾತು ಹೇಳಿ, ಎರಡು ವರ್ಷ ಮುಖ ತೋರಿಸದವನು! ಈಜು ಕಲಿಸುವವನ ಮೈಗೆ ಅದೇ ಕ್ಲೋರಿನ್ ವಾಸನೆ.

"ಈ ಆಪರೇಷನ್ ಇಲ್ಲಿ ಮಾಡೋಳು ನಾನೊಬ್ಬಳೇ," ಎಂದಳು ಅವಳು, ದನಿ ಗಟ್ಟಿ ಮಾಡಿಕೊಂಡು.

ರೋಗಿ ಅವನ ತಂಗಿ. ಮೂತ್ರಪಿಂಡಗಳ ಮೇಲೆ ಕೂರುವ ಅಡ್ರಿನಲ್ ಗ್ರಂಥಿಗಳಲ್ಲಿ ಎಡಗಡೆಯದನ್ನು, ಗಡ್ಡೆ ಬೆಳೆದಿತ್ತೆಂದು, ಬೇರೆ ಆಸ್ಪತ್ರೆಯಲ್ಲಿ ಆಗಲೇ ತೆಗೆದಿದ್ದರು. ಈಗ ಬಲಗಡೆಯದರಲ್ಲೂ ಗಡ್ಡೆ.

"ಪೂರ್ತಿ ತೆಗೆದ್ರೆ ಜೀವನವಿಡೀ ಮಾತ್ರೆ. ಅದಕ್ಕೇ ರಕ್ತಕ್ಕೆ ಒಂದು ಬಣ್ಣ ಬಿಡ್ತೀವಿ. ವಿಶೇಷ ಕ್ಯಾಮೆರಾದಲ್ಲಿ ಚೆನ್ನಾಗಿರೋ ಭಾಗ ಹಸಿರಾಗಿ ಹೊಳೆಯುತ್ತೆ. ಅಷ್ಟನ್ನ ಉಳಿಸೋಕೆ ನೋಡ್ತೀನಿ."

"ನನ್ನ ಮೇಲಿನ ಸಿಟ್ಟನ್ನ ಇವಳ ಮೇಲೆ..."

"ಸಾಕು!"

ಅವಳ ಕಣ್ಣು ತುಂಬಿತು. ಛೇ, ನನ್ನನ್ನು ಅರ್ಥ ಮಾಡಿಕೊಂಡಿದ್ದು ಇಷ್ಟೇನಾ?

"ಅಣ್ಣ, ಸುಮ್ನಿರು," ಎಂದಳು ಮಂಚದ ಮೇಲಿದ್ದ ತಂಗಿ. "ನಂಗೆ ಅತ್ತಿಗೇನೇ ಮಾಡ್ಲಿ."

ಅತ್ತಿಗೆ! ಇಬ್ಬರೂ ತಲೆ ತಗ್ಗಿಸಿದರು.

ಮರುದಿನ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಒಳಗಿಳಿಯಿತು. ಗಡ್ಡೆಗೆ ಉಪಕರಣ ತಾಗಿದ್ದೇ ತಡ, ಅದರಿಂದ ಹಾರ್ಮೋನ್ ಚಿಮ್ಮಿ ಬಿ.ಪಿ. ಜಿಗಿಯಿತು.

"ನಿಲ್ಸಿ!" ಎಂದರು ಅರಿವಳಿಕೆ ವೈದ್ಯರು.

ಅವಳು ಉಪಕರಣ ಹಿಂದಕ್ಕೆಳೆದು ನಿಂತಳು. ಇವಳಿಗೇನಾದರೂ ಆದರೆ... ಅವನಿಗೆ ಏನಂತ ಹೇಳಲಿ?

ಬಿ.ಪಿ. ಇಳಿದ ಮೇಲೆ ಬಣ್ಣ ಬಿಟ್ಟರು. ಕಪ್ಪು ಪರದೆಯಲ್ಲಿ ಮೆಲ್ಲಗೆ ಹಸಿರು ಹರಡಿತು. ಗಡ್ಡೆ ಮಸುಕಾಗಿಯೇ ಉಳಿಯಿತು. ಅದರ ಅಂಚಿನ ಒಂದು ಚೂರು ಮಾತ್ರ ಹೊಳೆಯಿತು! ಆ ಹಸಿರಿನ ಗೆರೆ ಹಿಡಿದೇ ಅವಳು ಗಡ್ಡೆಯನ್ನು ಕತ್ತರಿಸಿದಳು.

"ಒಂದು ಚೂರು ಉಳೀತು. ಚೆನ್ನಾಗಿದ್ದಾಳೆ," ಎಂದಳು ಹೊರಬಂದು.

ಅವನು ಬೆಂಚಿನ ಮೇಲೆ ಕುಸಿದು ಬಿಕ್ಕಿದ.

"ಅಪ್ಪ ಹೋಗಿದ್ದೂ ಇದರಲ್ಲೇ. ಇವಳಿಗೆ ಮೊದಲ್ನೇ ಸಲ ಆದಾಗ ಡಾಕ್ಟ್ರು ಅಂದ್ರು, ಇದು ವಂಶದಲ್ಲೇ ಬರುತ್ತೆ ಅಂತ. ನಂಗೂ ಇದ್ರೆ...? ನಿನ್ನ ಯಾಕೆ ಇದಕ್ಕೆ ಎಳೀಲಿ ಅಂತ..."

ಅದಕ್ಕಾ? ತಾನೇ ಬೇಡವಾದೆನೆಂದು ಎಷ್ಟು ದಿನ ದಿಂಬು ಒದ್ದೆ ಮಾಡಿಕೊಂಡಿದ್ದಳು!

"ದಡ್ಡ! ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ? ಪರೀಕ್ಷೆ ಮಾಡಿಸ್ಕೊಂಡ್ಯಾ?"

"ಇಲ್ಲ... ಭಯ."

"ನಾಳೆ ರಕ್ತ ಕೊಡು."

"ಡಾಕ್ಟ್ರಾಗಿ ಹೇಳ್ತಿದ್ದೀಯಾ?"

ಅವಳು ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದುಕೊಂಡಳು.

"ಡಾಕ್ಟ್ರಾಗಿದ್ರೆ ಚೀಟಿ ಬರ್ದು ಕಳಿಸ್ತಿದ್ದೆ. ಜೊತೆಗೆ ಬರ್ತೀನಿ."

"ಇದೆ ಅಂತ ಬಂದ್ರೆ...?"

"ಬರ್ಲಿ. ನೀನು ಮಾತ್ರ ಇನ್ನೊಂದ್ಸಲ ಹೋಗ್ಬೇಡ."