ಎಡಗಡೆಯ ಹೆಡ್‌ಲೈಟು

ನನ್ನವರು ತೀರಿಕೊಂಡು ವರ್ಷವಾಗಿತ್ತು. ಅವರ ಹಳೇ ಕಾರು ಅಂಗಳದಲ್ಲಿ ನಿಂತಿರುವ ತನಕ ಅವರ ದಾರಿ ಕಾಯುವುದು ನನಗೆ ತಪ್ಪುತ್ತಿರಲಿಲ್ಲ. ಮಾರಿಬಿಡೋಣವೆಂದು ಮನಸ್ಸು ಗಟ್ಟಿ ಮಾಡಿ, ಮಬ್ಬುಗಟ್ಟಿದ ಹೆಡ್‌ಲೈಟುಗಳನ್ನು ಉಜ್ಜಿಸಲು ಚನ್ನಪಟ್ಟಣದ ನೀಲಕಂಠನ ಗ್ಯಾರೇಜಿಗೆ ಒಯ್ದೆ.

"ಈಬೂತಿ ಹಚ್ಚಿ ಹಚ್ಚಿ, ಒಣಬಟ್ಟೇಲಿ ತಿಕ್ಕಿ ತಿಕ್ಕಿ ಪ್ಲಾಸ್ಟಿಕ್ಕೆಲ್ಲ ಗೀರಾಗೋಗೈತೆ ಕಣಕ್ಕ. ಯಜಮಾನ್ರು ಗಾಡೀನೂ ಶಿವಭಕ್ತ ಮಾಡ್ಬುಟ್ಟವ್ರೆ!" ಎಂದು ನಕ್ಕ.

ಪ್ರತಿ ಸೋಮವಾರ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದವರು ಅವರು. ಮಾರನೆಯ ದಿನ ಗೊಣಗುತ್ತ ತಿಕ್ಕುತ್ತಿದ್ದವಳು ನಾನು.

ನೀರು ಹಾಕಿ ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಮಾಡಿದಾಗ ಬಲಗಡೆಯದು ತಿಳಿಯಾಯಿತು. ಎಡಗಡೆಯದರಲ್ಲಿ ಮೂರು ಬಿಳಿ ಗೆರೆಗಳು ಉಳಿದವು. ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಒಳಗಡೆ ಐತೆ ಕಣಕ್ಕ." ನೀಲಕಂಠನ ದನಿ ಇಳಿದಿತ್ತು. "ಇದನ್ನ ಯಾರೂ ಬಿಚ್ಚೇ ಇಲ್ಲ. ಕಂಪ್ನಿ ಅಂಟು ಹಂಗೇ ಐತೆ."

ಅಂಟಿಗೆ ಬಿಸಿ ಕೊಟ್ಟು ಮುಚ್ಚಳ ಬಿಡಿಸಿ, ಆರಲೆಂದು ಪಕ್ಕಕ್ಕಿಟ್ಟ. ಆರಿದ ಮೇಲೆ ಒಳಗೆ ಬೆರಳಿಟ್ಟೆ. ಪ್ಲಾಸ್ಟಿಕ್ಕು ತಣ್ಣಗಿತ್ತು. ಗೆರೆಗಳು ಮಾತ್ರ ಬೆಚ್ಚಗಿದ್ದವು, ಆಗತಾನೇ ಕಲಸಿ ಎಳೆದಂತೆ ಹಸಿಯಾಗಿದ್ದವು.

"ಒರೆಸ್ಬುಡ್ಲಾ ಅಕ್ಕ? ಕನಕಪುರದಿಂದ ಗಾಡಿ ತಗೊಳೋರು ಬಂದವ್ರೆ."

"ಬ್ಯಾಡ ಕಣಪ್ಪ. ನಾನೇ ಒರೆಸ್ತೀನಿ."

ಸೆರಗಿನ ತುದಿಯಿಂದ ಮೆಲ್ಲಗೆ, ಒಂದೊಂದೇ ಗೆರೆಯಾಗಿ ಒರೆಸಿದೆ. ಸಂಜೆಯೊಳಗೆ ಕಾರು ಕನಕಪುರದವರ ಪಾಲಾಯಿತು.

ಆ ಸೀರೆಯನ್ನು ಒಗೆದು ತಂತಿಯ ಮೇಲೆ ಹರವಿದೆ. ಆರು ತಿಂಗಳಾಯಿತು, ನಡುವೆ ಒಂದು ಬೇಸಿಗೆಯೂ ಕಳೆಯಿತು. ಸೆರಗಿನ ತುದಿ ಇನ್ನೂ ಒಣಗಿಲ್ಲ.