ಗ್ರ್ಯಾನ್‌ವಿಲ್‌ನ ಮೋಡ

ಮುರಿದ ಹಲ್ಲಿನ ಮೊನೆಗೆ ನಾಲಿಗೆ ತಗಲಿದಾಗಲೆಲ್ಲ ಫದೀಲ್‌ಗೆ ಗ್ರ್ಯಾನ್‌ವಿಲ್‌ನ ಕೈ ನೆನಪಾಗುತ್ತಿತ್ತು. ಆ ಕೈ ಅಥ್ಲೋನ್ ಬಡಾವಣೆಯಲ್ಲಿದ್ದ ಗ್ರ್ಯಾನ್‌ವಿಲ್‌ನದೇ ವೇಪ್, ಅಂದರೆ ವಿದ್ಯುತ್ ಸಿಗರೇಟಿನ, ಅಂಗಡಿಯಲ್ಲಿ, ಜನರೆದುರು, ಅವನ ಬಾಯಿಗೆ ಬಡಿದಿತ್ತು. ತಾಯಿ ಭಾನುವಾರ ಕರಿಯುವ ಕೂಸಿಸ್ಟರ್ ಸಿಹಿಯ ಘಮವನ್ನು, ಆ ಏಲಕ್ಕಿ, ಸೋಂಪು, ಒಣ ಕಿತ್ತಳೆ ಸಿಪ್ಪೆಯ ಘಮವನ್ನು, ವೇಪಿನ ದ್ರವಕ್ಕೆ ಇಳಿಸಿದವನು ಫದೀಲ್. ಅದಕ್ಕೆ ತನ್ನ ಹೆಸರು ಅಂಟಿಸಿ ಮಾರಿದವನು ಗ್ರ್ಯಾನ್‌ವಿಲ್. ಕೇಳಲು ಹೋದದ್ದಕ್ಕೆ ಏಟು.

"ಮಗು ಹಾಲು ಕುಡಿದ ಹಾಗೆ ಸೇದೋನು ನೀನು. ನಿಂಗ್ಯಾಕೋ ರುಚಿ ಮಾತು?" ಎಂದಿದ್ದ ಗ್ರ್ಯಾನ್‌ವಿಲ್. ಅಂಗಡಿ ತುಂಬ ನಗು.

ಫದೀಲ್ ಸೇದುತ್ತಿದ್ದದ್ದು ನಿಜಕ್ಕೂ ಹಾಗೇ. ಬೆರಳುದ್ದದ ಕೊಳವೆ, ಬಿಗಿಯಾದ ಎಳೆತ, ಗಂಟಲನ್ನು ಚುರುಕ್ಕೆನಿಸಿ ಮುಗಿಯುವ ತೆಳು ಹೊಗೆ. ಗ್ರ್ಯಾನ್‌ವಿಲ್‌ನದು ಇಟ್ಟಿಗೆಯಂಥ ಯಂತ್ರ. ಸಂಜೆ ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತು ಅವನು ಬಿಟ್ಟ ಬಿಳಿ ಮೋಡ ಅಂಗಳದ ಬಟ್ಟೆ ಹಗ್ಗದವರೆಗೂ ಇಳಿಯುತ್ತಿತ್ತು. ಮೋಡ ಕಂಡರೆ ಗ್ರ್ಯಾನ್‌ವಿಲ್ ಮನೆಯಲ್ಲಿದ್ದಾನೆಂದೇ ಇಬ್ಬರೂ ವಾಸವಿದ್ದ ಆ ವಠಾರದ ನಂಬಿಕೆ. ಸತ್ತವನನ್ನು ಸಂಜೆಯವರೆಗೆ ಬದುಕಿಸಿಡಲು ಒಂದು ಮೋಡ ಸಾಕು ಎಂದು ಫದೀಲ್‌ಗೆ ಹೊಳೆಯಿತು.

ಗ್ರ್ಯಾನ್‌ವಿಲ್‌ನ ಯಂತ್ರಕ್ಕೆ ಬಾಯಿಡುವಂತಿಲ್ಲ, ಎಂಜಲು ಸಾಕ್ಷಿ ಹೇಳುತ್ತದೆ. ಫದೀಲ್ ಗುರುತಿಲ್ಲದ ಅಂಗಡಿಗಳನ್ನು ಸುತ್ತಿ ಅಂಥದ್ದೇ ಒಂದನ್ನು ಹೊಂದಿಸಿಕೊಂಡ. ದ್ರವ ಕಾಯಿಸುವ ಒಂದು ಸುರುಳಿ ಕರಕಲು ವಾಸನೆ ಹೊಡೆಯಿತು, ಇನ್ನೊಂದರ ಮೋಡ ತೆಳುವಾಯಿತು. ದ್ರವ ಮಂದವಾಗಿರಬೇಕು, ಗಾಳಿಕಿಂಡಿ ಪೂರ್ತಿ ತೆರೆದಿರಬೇಕು, ಎದೆಯಾಳಕ್ಕೆ ಎಳೆಯಬೇಕು. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಕೊನೆಗೊಂದು ದಿನ ಗ್ರ್ಯಾನ್‌ವಿಲ್‌ನ ಮೋಡವೇ ಅವನ ಬಾಯಿಂದ ಬಂತು. ಹಾಳಾದ್ದು, ಅವನಿಗೂ ಅದರ ರುಚಿ ಹತ್ತಿತು.

ತಂಗಿಯ ನಿಶ್ಚಿತಾರ್ಥದ ಭಾನುವಾರವನ್ನೇ ಆರಿಸಿಕೊಂಡ. ಸಂಜೆಯಿಂದ ಬೆಳಗಿನವರೆಗೆ ಕಡಲತೀರದ ಊರು ಸ್ಟ್ರ್ಯಾಂಡಿನ ಬೀಗರ ಮನೆಯಲ್ಲಿ ಎಲ್ಲರ ಕಣ್ಣೆದುರಿಗಿರುತ್ತಾನೆ. ಆ ನಾಡಿನ ಜನವರಿಯ ಬೇಸಿಗೆ ಸೆಕೆಯಲ್ಲಿ, ಮುಚ್ಚಿದ ಕೋಣೆಯಲ್ಲಿ, ಹೆಣ ಬಿದ್ದದ್ದು ಯಾವ ಹೊತ್ತಿಗೆಂದು ವೈದ್ಯರು ಖಚಿತವಾಗಿ ಹೇಳಲಾರರು.

ಮಧ್ಯಾಹ್ನ ಉಂಡು ವಠಾರವೆಲ್ಲ ಮಲಗಿದ್ದಾಗ ಹಿಂದಿನ ಮೆಟ್ಟಿಲು ಹತ್ತಿದ.

"ನೀನೇ ಬಂದ್ಯಾ? ಬಾರೋ, ಒಳ್ಳೇದೇ ಆಯ್ತು," ಎಂದು ಗ್ರ್ಯಾನ್‌ವಿಲ್ ಬೆನ್ನು ತಿರುಗಿಸಿ ಒಳಗೆ ನಡೆದ.

ಸ್ಪ್ಯಾನರಿನ ಮೊದಲ ಏಟಿಗೆ ಅವನು ಮೊಣಕಾಲೂರಿದ. ಎರಡನೆಯದಕ್ಕೆ ಬುರುಡೆ ಒಡೆದ ಸದ್ದು ಕೇಳಿತು. ಉಸಿರು ನಿಂತ ಮೇಲೂ ಫದೀಲ್ ಅವನನ್ನು ಹೊರಳಿಸಿ ಬಾಯಿಗೆ ಹೊಡೆದ, ಹಲ್ಲುಗಳು ನೆಲಕ್ಕೆ ಉದುರುವವರೆಗೂ ಹೊಡೆದ. ಬಹಳ ಹಿತವೆನಿಸಿತು. ಆಮೇಲೆ ಕೈತೊಳೆದು, ಬಟ್ಟೆ ಬದಲಿಸಿ, ಬಿಸಿಲಿಳಿದಾಗ ಪರದೆಯ ಹಿಂದೆ ನಿಂತು ತಾನು ತಂದ ಯಂತ್ರದಿಂದ ಮೋಡ ಬಿಟ್ಟ.

"ಏ ಗ್ರ್ಯಾನ್‌ವಿಲ್, ನನ್ನ ಒಗೆದ ಬಟ್ಟೆಗೆಲ್ಲ ಸಾಂಬ್ರಾಣಿ ಹಾಕ್ತೀಯಲ್ಲೋ," ಎಂದು ಕೆಳಗಿಂದ ಮೊಯೀಷಾ ಆಂಟಿ ಕೂಗಿದಳು. "ಇನ್ನು ಮಳೆ ಸುರಿಯೋದೊಂದು ಬಾಕಿ."

ಫದೀಲ್ ಹಿಂದಿನ ಮೆಟ್ಟಿಲಿಳಿದು ಬೀಗರ ಮನೆಗೆ ಹೊರಟ. ಅಂದು ರಾತ್ರಿ ಸ್ಪ್ಯಾನರು, ರಕ್ತದ ಬಟ್ಟೆ, ಆ ಯಂತ್ರ ಮೂರೂ ಸ್ಟ್ರ್ಯಾಂಡಿನ ಸಮುದ್ರ ಸೇರಿದವು.

ಮರುದಿನ ಪೊಲೀಸ್ ಅಧಿಕಾರಿ ಅರೆಂಡ್ಸೆ ಫದೀಲ್‌ನ ಮನೆಗೂ ಬಂದಳು. ಸಂಜೆ ಗ್ರ್ಯಾನ್‌ವಿಲ್ ಜೀವಂತವಿದ್ದನೆಂದು ಇಡೀ ವಠಾರ ಹೇಳಿತ್ತು. ಅವಳು ಅದನ್ನೇ ಬರೆದುಕೊಂಡಿದ್ದಳು. ಫದೀಲ್ ನಿರಾಳವಾಗಿ ಕಾಲು ಚಾಚಿ ಕುಳಿತ.

ತಾಯಿ ಚಹಾದ ಜೊತೆ ಇಟ್ಟಿಗೆಯಂಥ ಯಂತ್ರವೊಂದನ್ನೂ ತಂದು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡಳು. "ಪಾಪದ ಹುಡುಗ ಗ್ರ್ಯಾನ್‌ವಿಲ್, ನಿನ್ನೆ ಬೆಳಿಗ್ಗೆ ಚರ್ಚಿಂದ ಬರ್ತಾ ತನ್ನದನ್ನ ಕೊಟ್ಟು ಹೋದ. ಎದೆ ತಡ್ಕೊಳ್ತಿಲ್ಲವಂತೆ, ಇನ್ಮೇಲೆ ಫದೀಲ್ ಥರ ಸಣ್ಣದೇ ಸೇದ್ತಾನಂತೆ. ಇದನ್ನ ಅವನಿಗೇ ಕೊಡಿ, ಹೊಡೆದಿದ್ದಕ್ಕೆ ಕ್ಷಮಿಸು ಅಂತ ಹೇಳಿ ಅಂದ." ಅಧಿಕಾರಿಯ ಪೆನ್ನು ನಿಂತಿತು. ತಾಯಿ ಮಗನ ಕಡೆ ತಿರುಗಿದಳು. "ನಿಶ್ಚಿತಾರ್ಥದ ಗಡಿಬಿಡೀಲಿ ಮರ್ತೇ ಹೋಯ್ತಪ್ಪ. ನಿನ್ನ ಕಾಲುಚೀಲದ ಡ್ರಾಯರ್‌ನಲ್ಲಿ ಇಂಥದ್ದೇ ಒಂದು ಇತ್ತಲ್ಲ, ಆತುರ ಏನಿಲ್ಲ ಅಂದ್ಕೊಂಡೆ."